ಯಾರೂ ಜೀಕದ ಜೋಕಾಲಿ

ನಾಗರ ಪಂಚಮಿ ಹತ್ತಿರ ಬಂದರೆ ಬೆಳಗಾವಿಯ ಪೇಟೆಯಲ್ಲಿ ಹಗ್ಗದ ಅಂಗಡಿಯವರು ಜೋಕಾಲಿಗೆಂದು ಹೊಸ ಹಗ್ಗದ ಸುರುಳಿಗಳನ್ನು ಹೊರಗೆ ತಂದು ಪೇರಿಸುತ್ತಾರೆ. ಮೊನ್ನೆ ಹೆಂಡತಿ ಶೈಲಾ ಉಂಡಿಗೆ ಬೇಕಾದ ಬೆಲ್ಲ, ಶೇಂಗಾ ತರಲು ನನ್ನನ್ನು ಕಳಿಸಿದ್ದಳು. ಬೆಲ್ಲ ನೀರೊಡೆದಿದೆಯೋ ಏನೋ ಎಂದು ಮೂಸಿ, ಸಮಾಧಾನವಾಗದೆ ಮತ್ತೆ ಮೂಸಿ, ಅಂಗಡಿಯವನಿಂದ "ಒಯ್ಯಾವ್ರೋ, ವಾಸನಿ ತಗೊಂಡು ಹೋಗಾವ್ರೋ?" ಎನ್ನಿಸಿಕೊಂಡು ಹೊರಬಂದೆ. ಬಾಜೂ ಅಂಗಡಿಯ ಹಗ್ಗದ ವಾಸನೆ ಮೂಗಿಗೆ ಬಡಿಯಿತು. ಮಳೆಯ ತೇವ ಹೀರಿದ ಹೊಸ ಹಗ್ಗ, ಅರ್ಧ ಒಣಹುಲ್ಲಿನಂತೆ, ಅರ್ಧ ಗೋಣಿಚೀಲದಂತೆ. ಕೊಡೆ ಮಡಚುವುದನ್ನೂ ಮರೆತು ಅಲ್ಲೇ ನಿಂತೆ. ನೆನಪಾದದ್ದು ಹಬ್ಬವಲ್ಲ. ಖಾನಾಪುರದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬು, ಮತ್ತು ಐವತ್ತರ ಹತ್ತಿರವಿದ್ದ ಫಿಜಿಕ್ಸ್ ಮಾಸ್ತರ ನಾನು ಅಲ್ಲಿ ಪ್ರೋಗ್ರಾಮಿಂಗ್ ಕಲಿತ ಮಳೆಗಾಲ.

ನಾನು ಹುಟ್ಟಾ ಚಿಂತೆಯ ಮನುಷ್ಯ. ಸದಾಶಿವನಗರದ ಮನೆಯಿಂದ ಹೊರಟರೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆ. ಬಸ್‌ಸ್ಟ್ಯಾಂಡಿಗೆ ಬಂದರೆ ಬಸ್ಸು ಹೋಗಿಬಿಟ್ಟಿತೇನೋ ಎಂದು. ಬಸ್ಸು ಸಿಕ್ಕು, ಕೂರಲು ಸೀಟೂ ಸಿಕ್ಕರೆ ಆಗ ನಿಜವಾದ ಗಾಬರಿ: ಖಾನಾಪುರದ ಬಸ್ಸಿನಲ್ಲಿ ಸೀಟು ಖಾಲಿ ಇರುವುದೆಂದರೇನು, ಇದು ಬೇರೆ ಯಾವುದೋ ಊರಿಗೆ ಹೊರಟಿರಬೇಕು. ಬೆಳಗಾವಿಯಲ್ಲಿ ಜಿಟಿಜಿಟಿ ಇದ್ದ ಮಳೆ ಖಾನಾಪುರ ಬರುವಷ್ಟರಲ್ಲಿ ಧೋ ಎಂದು ಸುರಿಯುತ್ತಿತ್ತು. ಮಲಪ್ರಭೆ ಎಷ್ಟು ಏರಿದೆ ಎಂದು ಸೇತುವೆಯ ಮೇಲಿಂದ ದಿನವೂ ಇಣುಕುತ್ತಿದ್ದೆ, ಹೊಳೆ ನನ್ನ ಉಸ್ತುವಾರಿಯಲ್ಲಿದೆ ಎಂಬಂತೆ.

ಆ ವರ್ಷ ಬಿ.ಎಸ್ಸಿ. ಕೊನೆಯ ವರ್ಷಕ್ಕೆ ವಿಶ್ವವಿದ್ಯಾಲಯದಿಂದ ಹೊಸ ಪಠ್ಯಕ್ರಮ ಬಂತು. ಭೌತಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಒಂದು ಪೂರ್ತಿ ಭಾಗ ಕಂಪ್ಯೂಟರಿನ ಮೇಲೆ: ಬೀಳುವ ಕಲ್ಲು, ಆರುವ ನೀರು, ತೂಗುವ ಲೋಲಕ, ಎಲ್ಲವನ್ನೂ ಪ್ರೋಗ್ರಾಮ್ ಬರೆದು ಬಿಡಿಸಬೇಕು. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

"ನೋಡ್ರಿ ಹಿರೇಮಠ ಸರ್, ಕಂಪ್ಯೂಟರ್ ವಿಭಾಗದವರಿಗೆ ಕೇಳಿದೆ. ನಮಗ ಫಿಜಿಕ್ಸ್ ಬರೂದಿಲ್ಲ ಅಂದ್ರು."

"ನನಗ ಕಂಪ್ಯೂಟರ್ ಬರೂದಿಲ್ರಿ ಸರ್."

"ಮತ್ತೇನ! ಅವರಿಗೆ ಅರ್ಧ ಬರ್ತೈತಿ, ನಿಮಗ ಅರ್ಧ ಬರ್ತೈತಿ. ನಿಮ್ಮ ಅರ್ಧ ದೊಡ್ಡದು. ನೀವ ತಗೋರಿ."

ಎರಡು ಅರ್ಧಗಳಲ್ಲಿ ಒಂದು ದೊಡ್ಡದಾಗುವುದು ಹೇಗೆಂದು ಕೇಳುವಷ್ಟರಲ್ಲಿ ಅವರು ಫೋನ್ ಎತ್ತಿಕೊಂಡಿದ್ದರು.

ಹೀಗೆ ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಪಾಠ ನೋಡುವುದು ಶುರುವಾಯಿತು. ಅದರಲ್ಲಿ ಒಬ್ಬ ಹುಡುಗ ಮಾತಿಗೊಮ್ಮೆ "ಇದು ಬಹಳ ಸರಳ" ಎನ್ನುತ್ತಿದ್ದ. ಸರಳ ಎನ್ನುವವರನ್ನು ನಾನು ನಂಬುವುದಿಲ್ಲ. ತರಗತಿಯಲ್ಲಿ ನಾನೂ ಅದನ್ನೇ ಹೇಳುವವನು, ಅದರ ಹಿಂದೆ ಏನಿರುತ್ತದೆಂದು ಬಲ್ಲೆ. ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತರೆ ಸಾಲಿನ ಮೊದಲಿಗೆ ಒಂದು ಖಾಲಿ ಜಾಗ ಹೆಚ್ಚು ಬಿದ್ದರೂ ಪ್ರೋಗ್ರಾಮ್ ಓಡುತ್ತಿರಲಿಲ್ಲ. ಕೆಂಪು ಅಕ್ಷರದಲ್ಲಿ ಬೈಯುತ್ತಿತ್ತು. ಶೈಲಾ ಹೆಗಲ ಮೇಲಿಂದ ನೋಡಿ, "ಏನೂ ಬರೀಲಾರದ ಜಾಗಕ್ಕ ಇಷ್ಟು ಸಿಟ್ಟಂದ್ರ, ಇದು ನಿಮ್ಮ ಅಕ್ಕಗಿಂತ ಸವಾಯಿ ಐತಿ ಬಿಡ್ರಿ" ಎಂದಳು.

ಲ್ಯಾಬಿನಲ್ಲಿ ಮಕ್ಕಳು ಹತ್ತು ಹನ್ನೆರಡು ಮಂದಿ, ನಡೆಯುವ ಕಂಪ್ಯೂಟರುಗಳು ಅದರ ಅರ್ಧ. ಬಾಗಿಲ ಬಳಿಯ ಬಕೀಟಿನಲ್ಲಿ ಎಲ್ಲರ ಕೊಡೆಗಳು ತೊಟ್ಟಿಕ್ಕುತ್ತಿದ್ದವು. ಕರೆಂಟು ಯಾವಾಗ ಹೋಗುತ್ತದೋ ಎಂದು ನಾನು ಪಾಠದ ನಡುವೆಯೂ ಟ್ಯೂಬ್‌ಲೈಟನ್ನೇ ನೋಡುತ್ತಿದ್ದೆ. ಮಕ್ಕಳಿಗಿಂತ ಒಂದು ಪಾಠ ಮುಂದಿರುವುದಷ್ಟೇ ನನ್ನ ವಿದ್ವತ್ತು.

ವಿಧಾನವೇನೋ ಚೆಂದ. ಕಾಲವನ್ನು ಸಣ್ಣ ಸಣ್ಣ ಚೂರು ಮಾಡುವುದು. ಈ ಚೂರಿನಲ್ಲಿ ವಸ್ತು ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಗೊತ್ತಿದ್ದರೆ ಮುಂದಿನ ಚೂರಿನಲ್ಲಿ ಎಲ್ಲಿರುತ್ತದೆಂದು ಲೆಕ್ಕ ಹಾಕುವುದು. ಅಲ್ಲಿಂದ ಮತ್ತೆ ಮುಂದಕ್ಕೆ. ಜೀವನವನ್ನು ನಾನು ನಡೆಸುವುದೂ ಹೀಗೆಯೇ ಆದ್ದರಿಂದ ಬೇಗ ಹಿಡಿಸಿತು. ಕಲ್ಲು ಸರಿಯಾಗಿ ಬಿತ್ತು. ಕ್ಯಾಂಟೀನಿನಿಂದ ಚಹಾ ತರಿಸಿ ಥರ್ಮಾಮೀಟರ್ ಇಟ್ಟು ನೋಡಿದೆವು, ಅದು ನಮ್ಮ ಪ್ರೋಗ್ರಾಮ್ ಹೇಳಿದಂತೆಯೇ ಆರಿತು. ಪ್ರಯೋಗದ ಹೊರಗಿದ್ದ ಕಪ್ಪುಗಳನ್ನು ಮಕ್ಕಳು ಬಿಸಿಯಿದ್ದಾಗಲೇ ಮುಗಿಸಿದರು. ಎಲ್ಲ ಸುಸೂತ್ರವಾಗಿ ನಡೆದಿದ್ದಕ್ಕೇ ನನಗೆ ಕಳವಳ ಶುರುವಾಗಿತ್ತು.

ಆಮೇಲೆ ಲೋಲಕ. ದಾರಕ್ಕೆ ಗುಂಡು ಕಟ್ಟಿ ಹತ್ತು ಡಿಗ್ರಿ ಸರಿಸಿ ಬಿಡುವುದು. ಇದು ನನ್ನ ಮನೆದೇವರು, ಎಷ್ಟೋ ತಂಡಗಳಿಗೆ ಮಾಡಿಸಿದ್ದೇನೆ. ಪ್ರೋಗ್ರಾಮ್ ಬರೆದೆ, ಓಡಿಸಿದೆ. ಪರದೆಯ ಮೇಲೆ ಅಲೆ ಮೂಡಿತು. ಮೊದಲ ಅಲೆ ಹತ್ತರಷ್ಟು ಎತ್ತರ, ಮುಂದಿನದು ಅದಕ್ಕಿಂತ ತುಸು ಎತ್ತರ, ಅದರ ಮುಂದಿನದು ಇನ್ನೂ ಎತ್ತರ. ಬಿಟ್ಟರೆ ಏರುತ್ತಲೇ ಹೋಗಿ ಕೊನೆಗೆ ನನ್ನ ಲೋಲಕ ಗಿರಕಿ ಹೊಡೆಯಿತು. ಯಾರೂ ಮುಟ್ಟದ ಗುಂಡು ತನ್ನಷ್ಟಕ್ಕೆ ತಾನೇ ಜೋರಾಗುವುದು ಭೌತಶಾಸ್ತ್ರದಲ್ಲಿ ಇಲ್ಲ. ನನ್ನ ತಲೆಯೊಳಗೆ ಮಾತ್ರ ಇದೆ. ಸಣ್ಣದೊಂದು ಅನುಮಾನ ಬೆಳಿಗ್ಗೆ ಹತ್ತು ಡಿಗ್ರಿಯಲ್ಲಿ ಹೊರಟರೆ ಸಂಜೆಗೆ ಗಿರಕಿ ಹೊಡೆಯುತ್ತಿರುತ್ತದೆ.

ಸಾಲು ಸಾಲು ನೋಡಿದೆ. ಸೂತ್ರ ಸರಿ, ಅಂಕಿ ಸರಿ. ಮರುದಿನ ಪಾಠವಿದೆ. ಆಗ ನಾನು ಮಾಡಿದ್ದು ನಮ್ಮ ಕಸುಬಿನವರು ಮಾತ್ರ ಮಾಡಬಹುದಾದ ಕೆಲಸ. ನಮ್ಮ ಲ್ಯಾಬುಗಳಲ್ಲಿ ಒಂದು ರೂಢಿಯಿದೆ. ಗುರುತ್ವದ ಬೆಲೆ ಪುಸ್ತಕದಲ್ಲಿದ್ದಷ್ಟೇ ಬರಬೇಕು. ಬರದಿದ್ದರೆ ರೀಡಿಂಗನ್ನು ಆಚೀಚೆ ಸರಿಸಿ "ಅಡ್ಜಸ್ಟ್" ಮಾಡುವುದು. ಅದಕ್ಕೇ ಮೊದಲು ಪೆನ್ಸಿಲ್, ಆಮೇಲೆ ಪೆನ್ನು. ಪರೀಕ್ಷೆಗೆ ಹೊರಗಿನಿಂದ ಬರುವ ಎಕ್ಸ್‌ಟರ್ನಲ್‌ಗೂ ಇದು ಗೊತ್ತು, ಅವರೂ ಹಾಗೇ ಪಾಸಾದವರು. ನಾನು ಕಂಪ್ಯೂಟರನ್ನೂ ಅಡ್ಜಸ್ಟ್ ಮಾಡಿದೆ. ಒಂದು ಸಾಲು ಸೇರಿಸಿದೆ: ಕೋನ ಹತ್ತನ್ನು ಮೀರಿದರೆ ಹತ್ತೇ ಎಂದು ತಿಳಿ. ಆ ಕಡೆಗೂ ಹಾಗೇ. ಓಡಿಸಿದರೆ ಅಲೆಗಳು ಸಾಲಾಗಿ, ಸಮನಾಗಿ, ಸರಕಾರಿ ಕಂಪೌಂಡಿನ ಹಾಗೆ ನಿಂತವು. ಮರುದಿನ ತರಗತಿಗೆ ಬರೆಸಿಯೇಬಿಟ್ಟೆ.

ಎಲ್ಲರೂ ಬರೆದುಕೊಂಡರು. ವೈಶಾಲಿ ಮಾತ್ರ ಕೈ ಎತ್ತಿದಳು.

ವೈಶಾಲಿ ಖಾನಾಪುರದವಳೇ. ಮನೆಮಾತು ಮರಾಠಿ, ಕನ್ನಡ ನನ್ನಷ್ಟೇ ಸಲೀಸು. ಅವರಪ್ಪನದು ಊರ ಹೊರಗೆ ಇಟ್ಟಂಗಿ ಭಟ್ಟಿ. ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಫಿಜಿಕ್ಸ್ ಮಾಡಬೇಕೆಂಬುದು ಅವಳ ಆಸೆ. ನಮ್ಮ ವಿಭಾಗದಿಂದ ಆವರೆಗೆ ಯಾರಿಗೂ ಆ ಸೀಟು ಸಿಕ್ಕಿರಲಿಲ್ಲ. ಹಿಂದಿನ ಸೆಮಿಸ್ಟರಿನಲ್ಲಿ ಟೈಫಾಯ್ಡ್ ಹಿಡಿದು ಅಂಕಗಳು ಬಿದ್ದಿದ್ದವು. ಉಳಿದದ್ದು ಇದೊಂದೇ ಸೆಮಿಸ್ಟರು, ಅದರಲ್ಲೂ ಈ ಪ್ರಾಕ್ಟಿಕಲ್ಲು. ಇದರಲ್ಲಿ ಎತ್ತರಕ್ಕೆ ಬಂದರೆ ಸೀಟು, ಇಲ್ಲವಾದರೆ ಇಲ್ಲ.

"ಸರ್, ಅಲೆ ತಲಿ ಯಾಕ ಚಪ್ಪಟಿ ಅದಾವ್ರಿ? ಮ್ಯಾಲ ಯಾರೋ ಅಂಗೈ ಇಟ್ಟು ಒತ್ತಿದಂಗ."

ನೋಡಿದೆ. ಹೌದು, ಪ್ರತಿ ಅಲೆಯ ನೆತ್ತಿ ತುಸು ಸಪಾಟು. ಒತ್ತಿದ ಅಂಗೈ ಯಾರದೆಂದು ನನಗೆ ಗೊತ್ತಿತ್ತು.

"ಅದು... ಪರದೆ ಹಳೇದೈತಿ."

"ಈ ಸಾಲು ತಗದ್ರ ಏನಾಗ್ತೈತ್ರಿ ಸರ್?"

"ತಗೀಬ್ಯಾಡ" ಎಂದೆ, ಕರೆಂಟಿನ ತಂತಿ ಮುಟ್ಟಹೊರಟ ಕೂಸಿಗೆ ಹೇಳುವ ಧಾಟಿಯಲ್ಲಿ. ಅಷ್ಟರಲ್ಲಿ ಅವಳು ತೆಗೆದಾಗಿತ್ತು. ಅಲೆಗಳು ಏರಿದವು. ಅವಳು ಪರದೆಯನ್ನೂ ನನ್ನನ್ನೂ ಒಂದೊಂದು ಸಲ ನೋಡಿ ಮೆತ್ತಗೆ ಕೇಳಿದಳು: "ಸರ್, ಎಕ್ಸ್‌ಟರ್ನಲ್ ಬಂದು ಈ ಸಾಲು ಯಾಕ ಅಂತ ಕೇಳಿದ್ರ ನಾ ಏನ್ ಹೇಳ್ಲಿ?"

ನಾಳೆ ಹೇಳುತ್ತೇನೆಂದೆ. ಸಾಲು ಬರೆದರೆ ಸಿಕ್ಕಿಬೀಳುತ್ತಾಳೆ, ಬರೆಯದಿದ್ದರೆ ಗ್ರಾಫು ಕೆಡುತ್ತದೆ. ಎರಡರಲ್ಲೂ ಹೋಗುವುದು ಅವಳ ಸೀಟು. ಅಂದಿನಿಂದ ನನ್ನ ನಿದ್ದೆ, ಊಟ, ಬಸ್ಸಿನ ಪ್ರಯಾಣ ಎಲ್ಲಕ್ಕೂ ಆ ಗುಂಡು ಅಂಟಿಕೊಂಡಿತು. ಬಸ್ಸಿನ ಹಿಡಿಕೆಗಳು ತೂಗಾಡಿದರೆ ದಿಟ್ಟಿಸಿ ನೋಡುವೆ, ಏರುತ್ತವೆಯೋ ಎಂದು. ಕಂಪ್ಯೂಟರ್ ವಿಭಾಗದವರನ್ನು ಕೇಳಿದೆ, ಅವರು "ಪ್ರೋಗ್ರಾಮಿನಾಗ ತಪ್ಪಿಲ್ರಿ, ಫಿಜಿಕ್ಸ್ ನೋಡ್ರಿ" ಎಂದರು. ಕಾಲದ ಚೂರನ್ನು ಇನ್ನೂ ಸಣ್ಣದು ಮಾಡಿದೆ. ಏರುವುದು ನಿಧಾನವಾಯಿತು, ನಿಲ್ಲಲಿಲ್ಲ. ಊಟಕ್ಕೆ ಕುಳಿತಾಗ ಚಮಚ ತೂಗಿಸುತ್ತಿದ್ದುದನ್ನು ಕಂಡು ಶೈಲಾ ನನ್ನ ಮುಂದಿನಿಂದ ಚಮಚವನ್ನೇ ಎತ್ತಿಟ್ಟಳು.

ಆ ವರ್ಷ ಪರೀಕ್ಷೆಗಳು ಹಿಂದೆ ಬಿದ್ದು, ಪ್ರಾಕ್ಟಿಕಲ್ ಪಂಚಮಿಯ ನಂತರದ ವಾರಕ್ಕೆ ಬಂದಿತ್ತು. ಹಬ್ಬದ ಮರುದಿನವೇ ವಿಶೇಷ ತರಗತಿ ಇಟ್ಟೆ. ಮಕ್ಕಳು ಮನಸ್ಸಿನಲ್ಲೇ ಎಷ್ಟು ಬೈದುಕೊಂಡರೋ. ಮಧ್ಯಾಹ್ನ ಮಳೆ ಜೋರಾಗಿ ರಸ್ತೆಗೆ ನೀರು ಬಂತು, ಬೆಳಗಾವಿಯ ಬಸ್ಸುಗಳು ತಡವೆಂದು ಸುದ್ದಿ. ನಾನು ಬಸ್‌ಸ್ಟ್ಯಾಂಡಿನಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಾಗ ವೈಶಾಲಿ ಸಿಕ್ಕಳು.

"ಸರ್, ಬಸ್ ಬಿಡೂತನಾ ಇಲ್ಲಿ ನಿಂತು ಏನ್ ಮಾಡ್ತೀರಿ? ಮನಿಗೆ ಬರ್ರಿ. ಉಂಡಿ ತಿನಸಲಾರದ ಕಳಿಸಿದ್ರ ಆಯಿ ನನ್ನ ಬೈತಾಳ."

ಬಸ್ಸು ಬಿಟ್ಟುಹೋದರೆ ಎಂದೆ. ಹೋದರೆ ಅಪ್ಪ ಗಾಡಿಯ ಮೇಲೆ ಬಿಡುತ್ತಾರೆ ಎಂದಳು. ಆ ಮಳೆಯಲ್ಲಿ ಗಾಡಿಯೇ ಎಂದು ಇನ್ನೊಂದು ಚಿಂತೆ ಕೂಡಿಸಿಕೊಂಡು ಅವಳ ಹಿಂದೆ ನಡೆದೆ.

ಮಳೆಗಾಲದಲ್ಲಿ ಭಟ್ಟಿ ಬಂದ್. ಹಸಿ ಇಟ್ಟಂಗಿ ಒಣಗಿಸುವ ತಗಡಿನ ಶೆಡ್ಡು ಖಾಲಿ ಬಿದ್ದಿರುತ್ತದೆ. ಅದರ ತೊಲೆಗೆ ಹೊಸ ಹಗ್ಗದಿಂದ ಪಂಚಮಿಯ ಜೋಕಾಲಿ ಕಟ್ಟಿದ್ದರು. ತಗಡಿನ ಮೇಲೆ ಮಳೆಯ ಸದ್ದು, ಕೆಳಗೆ ಹಗ್ಗದ ಆ ವಾಸನೆ. ವೈಶಾಲಿಯ ಆಯಿ, ಅಂದರೆ ತಾಯಿ, ಸೆರಗು ಸಿಕ್ಕಿಸಿಕೊಂಡು ಜೀಕುತ್ತಿದ್ದವರು ನನ್ನನ್ನು ಕಂಡು ನಾಚಿ ಇಳಿದರು.

"ಯಾ ಸರ್, ಯಾ! ಬಸಾ. ಬರ್ರಿ, ಜೋಕಾಲಿ ಮ್ಯಾಲ ಕುಂದರ್ರಿ. ಪಂಚಮಿಗೆ ಬಂದಾವ್ರು ಹಂಗ ಹೋಗಬಾರದು."

"ಬ್ಯಾಡ್ರಿ ಅವ್ವಾರ, ಹಗ್ಗ..."

"ಹೊಸಾ ಹಗ್ಗ ಐತ್ರಿ. ನಮ್ಮ ಎಮ್ಮಿ ಕಟ್ಟಿದ್ರೂ ಹರಿಯಂಗಿಲ್ಲ."

ಎಮ್ಮೆಗಿಂತ ನಾನು ಹಗುರವೆಂದು ಲೆಕ್ಕ ಹಾಕಿ ಕುಳಿತೆ. ಕೈಯಲ್ಲಿ ಒಂದು ಶೇಂಗಾ ಉಂಡಿ, ಕಣ್ಣು ತೊಲೆಯ ಗಂಟಿನ ಮೇಲೆ. ಕಾಲಿನಿಂದ ಒಮ್ಮೆ ನೆಲ ಒತ್ತಿದೆ. ಜೋಕಾಲಿ ನಾಲ್ಕು ಸಲ ಹೋಗಿ ಬಂದು ಸುಮ್ಮನಾಗತೊಡಗಿತು. ನನಗೂ ಅದೇ ಬೇಕಿತ್ತು.

ತಾಯಿ ನಕ್ಕರು. "ಅಯ್ಯ, ಜೀಕ್ರಿ ಸರ್! ಹಿಂಗ ದೇವರ ಮೂರ್ತಿಗತೆ ಕುಂತ್ರ ಏರ್ತೈತೇನು? ಯಾರರ ಜೀಕಬೇಕು, ಇಲ್ಲಾ ಯಾರರ ನೂಕಬೇಕು."

ಹಾಗೆನ್ನುತ್ತ ಅವರೇ ಹಿಂದಿನಿಂದ ನೂಕಿದರು. ನಾನು ಹಿಂದಕ್ಕೆ ಬಂದು ಮುಂದಕ್ಕೆ ಹೊರಳುವ ಗಳಿಗೆಗೆ ಸರಿಯಾಗಿ, ಜೋರಾಗಿಯೂ ಅಲ್ಲ, ಒಂದು ಸಣ್ಣ ನೂಕು. ಜೋಕಾಲಿ ಏರಿತು. ಮತ್ತೆ ಬಂದಾಗ ಮತ್ತೊಂದು. ಇನ್ನೂ ಏರಿತು. ಉಂಡಿ ಹಿಡಿದ ಕೈಯಲ್ಲೇ ಹಗ್ಗ ಹಿಡಿದು ನಾನು ಕೂಗುವುದಕ್ಕೂ ವೈಶಾಲಿ ಕೂಗುವುದಕ್ಕೂ ಸರಿಹೋಯಿತು.

"ಸರ್! ನಮ್ಮ ಪ್ರೋಗ್ರಾಮಿನಾಗೂ ಯಾರೋ ನೂಕಾಕತ್ತಾರ!"

"ಯಾರ ನೂಕ್ತಾರ? ಅಲ್ಲಿ ಗುರುತ್ವ ಬಿಟ್ರ ಬ್ಯಾರೆ ಯಾರೂ ಇಲ್ಲ. ನನ್ನ ಇಳಸ್ರಿ ಮೊದಲ!"

"ಹಂಗಾದ್ರ ಗುರುತ್ವನ ನೂಕಾಕತ್ತೈತ್ರಿ" ಎಂದಳು.

ಇಳಿಸುವ ಆತುರ ಇಬ್ಬರಿಗೂ ಇರಲಿಲ್ಲ. ಆ ಹುಡುಗಿ ಜೋಕಾಲಿಯ ಜೊತೆಗೇ ಅತ್ತಿತ್ತ ನಡೆಯುತ್ತ ಮಾತಾಡಿದಳು, ನಾನು ಹೋಗುತ್ತ ಬರುತ್ತ ಉತ್ತರಿಸಿದೆ. ಗುರುತ್ವ ಎಷ್ಟು ಎಳೆಯಬೇಕೆಂಬುದು ಗುಂಡು ಎಲ್ಲಿದೆ ಎಂಬುದರ ಮೇಲೆ. ದೂರ ಹೋದಷ್ಟೂ ಎಳೆತ ಹೆಚ್ಚು. ನಾನು ಬರೆದಿದ್ದರಲ್ಲಿ ಅದು ಪ್ರತಿ ಸಲವೂ ಹಿಂದಿನ ಚೂರಿನ ಜಾಗ ನೋಡಿ ಎಳೆಯುತ್ತಿತ್ತು. ಗುಂಡು ಹೊರಗೆ ಹೋಗುವಾಗ ಹಿಂದಿನ ಜಾಗವೆಂದರೆ ಹತ್ತಿರದ್ದು, ಹಾಗಾಗಿ ತಡೆಯುವುದು ಕಡಿಮೆ. ಮರಳಿ ಬರುವಾಗ ಹಿಂದಿನ ಜಾಗವೆಂದರೆ ದೂರದ್ದು, ಹಾಗಾಗಿ ಎಳೆಯುವುದು ಹೆಚ್ಚು. ಹೋಗುವಾಗ ಮೆತ್ತಗೆ, ಬರುವಾಗ ಜೋರಾಗಿ. ಆಯಿ ನೂಕಿದ ಹಾಗೆಯೇ. ಬಡಪಾಯಿ ಗುರುತ್ವ ನಿನ್ನೆಯ ಪೇಪರ್ ಓದಿಕೊಂಡು ಇವತ್ತಿನ ಕೆಲಸ ಮಾಡುತ್ತಿತ್ತು.

"ಮೊದಲ ಜೋಕಾಲಿ ಸರಸೂಣ್ರಿ ಸರ್," ವೈಶಾಲಿ ಹೇಳಿದಳು. "ಆಮ್ಯಾಲ ಗುರುತ್ವಕ್ಕ ಹೇಳೂಣು, ಈಗ ಎಲ್ಲಿ ಐತಿ ನೋಡಿ ಎಳಿ ಅಂತ. ಒಂದ ಸಾಲಿನಾಗ ಹಿಂದಿನ ಬೆಲೆ ತಗದು ಈಗಿಂದು ಹಾಕಿದ್ರ ಆತು."

"ಅಷ್ಟ?"

"ಅಷ್ಟರಿ."

ತಾಯಿ ನಮ್ಮಿಬ್ಬರನ್ನೂ ನೋಡಿ, "ಇವಕ್ಕ ಪಂಚಮಿ ಹಬ್ಬನೂ ಸಾಲೀನ, ಪಾಠಾನ" ಎಂದು ಮಗಳಿಗೆ ಇನ್ನೊಂದು ಉಂಡಿ ಕೊಟ್ಟರು. ಜೋಕಾಲಿ ತಾನೇ ನಿಂತ ಮೇಲೆ ನಾನು ಇಳಿದೆ. ಅಂದು ಬಸ್ಸು ಸಿಕ್ಕಿತು. ಆ ಒಂದು ಸಾಲು ಸುಳ್ಳಾದರೆ ಎಂದು ಬೆಳಗಾವಿಯವರೆಗೂ ಕಿಟಕಿಯ ಸರಳು ಹಿಡಿದುಕೊಂಡೇ ಕುಳಿತಿದ್ದೆ.

ಸುಳ್ಳಾಗಲಿಲ್ಲ. ಮರುದಿನ ಲ್ಯಾಬಿನಲ್ಲಿ ಅಲೆಗಳು ಹತ್ತಕ್ಕೆ ಹೋಗಿ ಹತ್ತಕ್ಕೆ ಬಂದವು, ನೆತ್ತಿ ಗುಂಡಗೆ. ಹಳೆಯ ಸಾಲು ಹೊಡೆದುಹಾಕಿರೆಂದರೆ ಉಳಿದ ಮಕ್ಕಳು ಗೊಣಗಿದರು: "ಸರ್, ಅದು ಬಾಯಿಪಾಠ ಆಗೇತ್ರಿ." ಪ್ರೋಗ್ರಾಮನ್ನು ಬಾಯಿಪಾಠ ಮಾಡಿದ್ದರು! ಯಾರ ಮಕ್ಕಳು ಹೇಳಿ.

ಪರೀಕ್ಷೆಯ ದಿನ ಎಕ್ಸ್‌ಟರ್ನಲ್ ಆಗಿ ಬಂದವರು ಒಬ್ಬ ಮೇಡಂ, ಕನ್ನಡಕ ಮೂಗಿನ ತುದಿಗೆ, ಮಾತು ಕಡಿಮೆ. ಬೆಳಗಾವಿಯಿಂದ ನಾನು ಕುಂದಾ ಒಯ್ದಿದ್ದೆ. "ಆಮ್ಯಾಲ ತಿನ್ನೂಣು" ಎಂದು ಅವರು ಅದನ್ನು ಬದಿಗಿಟ್ಟಾಗಲೇ ಇವರು ಅಡ್ಜಸ್ಟ್ ಆಗುವವರಲ್ಲ ಎಂದು ಗೊತ್ತಾಯಿತು. ನಮ್ಮಲ್ಲಿ ಇನ್ನೊಂದು ರೂಢಿಯಿದೆ: ಪ್ರಶ್ನೆ ಕೇಳುವಾಗ ಕಾಲೇಜಿನ ಮಾಸ್ತರರು ಎಕ್ಸ್‌ಟರ್ನಲ್ ಬೆನ್ನ ಹಿಂದೆ ನಿಂತಿರುತ್ತಾರೆ, ಮಕ್ಕಳು ಉತ್ತರ ಹೇಳುವ ಮುನ್ನ ಅವರ ಮುಖ ನೋಡುತ್ತಾರೆ. ತಲೆ ಮೇಲೆ ಕೆಳಗೆ ಆಡಿದರೆ ಹೌದು, ಅಡ್ಡ ಆಡಿದರೆ ಅಲ್ಲ. ನಾನೂ ನನ್ನ ಜಾಗದಲ್ಲಿ ನಿಂತೆ.

ಚೀಟಿ ಎತ್ತಿದಾಗ ವೈಶಾಲಿಗೆ ಬಂದದ್ದು ಲೋಲಕವೇ. ಬಂದರೆ ಹೇಗೆ ಎಂದೂ ಬರದಿದ್ದರೆ ಹೇಗೆ ಎಂದೂ ಚಿಂತಿಸಿದ್ದೆನಾದ್ದರಿಂದ ಅರ್ಧ ಚಿಂತೆ ಅಲ್ಲೇ ವ್ಯರ್ಥವಾಯಿತು. ಅವಳು ಬರೆದಳು, ಓಡಿಸಿದಳು. ಅಲೆಗಳು ಸರಿಯಾಗಿ ಬಂದವು. ಕರೆಂಟೂ ಇತ್ತು. ಮೇಡಂ ಬಗ್ಗಿ ನೋಡಿ, "ಛಲೋ. ಈಗ ಹತ್ತರ ಬದಲಿ ತೊಂಬತ್ತು ಡಿಗ್ರಿ ಹಾಕು" ಎಂದರು.

ತೊಂಬತ್ತನ್ನು ನಾವು ಎಂದೂ ಹಾಕಿ ನೋಡಿರಲಿಲ್ಲ. ಹಾಕಿದಳು. ಲೋಲಕ ಒಂದು ಸಲ ಹೋಗಿ ಬರಲು ತೆಗೆದುಕೊಂಡ ಸಮಯ ನಮ್ಮ ಸೂತ್ರ ಹೇಳುವುದಕ್ಕಿಂತ ಎದ್ದು ಕಾಣುವಷ್ಟು ಹೆಚ್ಚು ಬಂತು.

"ಸೂತ್ರದಾಗ ಬರೂದಕ್ಕಿಂತ ಹೆಚ್ಚಿಗಿ ಬಂತಲ್ಲ. ಯಾರ ತಪ್ಪು?"

ಇಂಥ ಪ್ರಶ್ನೆಗೆ ನಮ್ಮ ಮಕ್ಕಳ ಉತ್ತರ ಯಾವಾಗಲೂ ಒಂದೇ: ನಂದ ತಪ್ಪರಿ ಮೇಡಂ, ಮತ್ತ ಮಾಡ್ತೀನಿ. ಪುಸ್ತಕ ತಪ್ಪಾಗುವುದುಂಟೆ? ನನಗೆ ಉತ್ತರ ಗೊತ್ತಿತ್ತು. ಆ ಸೂತ್ರ ಸಣ್ಣ ಕೋನಗಳಿಗೆ ಮಾತ್ರ. ಮೇಡಂ ಬೆನ್ನ ಹಿಂದೆ ಹೆಬ್ಬೆರಳು ತೋರುಬೆರಳು ಸೇರಿಸಿ "ಸಣ್ಣದು, ಸಣ್ಣದು" ಎಂದು ಚಿವುಟಿ ತೋರಿಸತೊಡಗಿದೆ. ಸಾಲದೆಂದು ಇನ್ನೊಂದು ಕೈಯನ್ನೂ ಸೇರಿಸಿದೆ. ವೈಶಾಲಿ ನನ್ನ ಕಡೆ ನೋಡಲಿಲ್ಲ. ಪರದೆಯ ಮೇಲಿನ ಅಲೆಯನ್ನೇ ನೋಡುತ್ತಿದ್ದಳು, ಅಂದು ಶೆಡ್ಡಿನಲ್ಲಿ ಜೋಕಾಲಿಯನ್ನು ನೋಡಿದ ಹಾಗೆ.

"ಸೂತ್ರದ್ದರಿ ಮೇಡಂ" ಎಂದಳು. "ಅದು ಸಣ್ಣ ಕೋನಕ್ಕಷ್ಟ ಖರೇ. ಭಾಳ ಏರಿದ ಮ್ಯಾಲ ನಡೂದಿಲ್ಲ. ನಾ ಹತ್ತಕ್ಕ ತಾಳೆ ನೋಡೀನ್ರಿ, ಬರಾಬರ್ ಬಂದೈತಿ. ಹಂಗಾಗಿ ಪ್ರೋಗ್ರಾಮ್ ಮ್ಯಾಲ ನಂಬಿಕಿ ಐತ್ರಿ."

ಮೇಡಂ ಏನನ್ನೋ ಬರೆದುಕೊಂಡರು. ತಿರುಗದೆಯೇ, "ಸರ್, ನಿಮ್ಮ ಕೈಗೆ ಏನಾಗೇತಿ?" ಎಂದರು. ಕಿಟಕಿಯ ಗಾಜಿನಲ್ಲಿ ಎಲ್ಲವೂ ಕಾಣುತ್ತಿತ್ತು.

"ಸೊಳ್ಳಿ ಕಡದಾವ್ರಿ ಮೇಡಂ."

"ಹೌದೇನು. ಕುಂದಾ ತಗೀರಿ ಹಂಗಾದ್ರ."

ವೈಶಾಲಿಗೆ ಸೀಟು ಸಿಕ್ಕಿತು. ಪಟ್ಟಿಯಲ್ಲಿ ಅವಳ ಹೆಸರು ನೋಡಿದವನು ಅದೇ ಹೆಸರಿನ ಬೇರೆಯವಳಿರಬಹುದೆಂದು ತಂದೆಯ ಹೆಸರನ್ನೂ ಓದಿ ಆಮೇಲೆ ಫೋನ್ ಮಾಡಿದೆ. ಅಲ್ಲಿ ಸೇರಿದ ಹೊಸತರಲ್ಲಿ ಅವಳಿಂದ ಮೊಬೈಲಿಗೆ ಒಂದು ಚಿತ್ರ ಬಂತು. ಏರುತ್ತಾ ಏರುತ್ತಾ ಪರದೆಯ ಆಚೆ ಹೋಗುತ್ತಿರುವ ಅಲೆಗಳು. ಕೆಳಗೆ, "ಸರ್, ಇಲ್ಲಿ ಎಲ್ಲಾರದೂ ಏರಾಕತ್ತೈತ್ರಿ. ಇಬ್ಬರು ನಮ್ಮ ಆ ಚಪ್ಪಟಿ ತಲಿ ಸಾಲು ಹಾಕ್ಯಾರ!" ನಾನು ಉದ್ದಕ್ಕೆ ಒಂದು ಉತ್ತರ ಬರೆದು, ಅಳಿಸಿ, "ಅವರನ್ನ ಜೋಕಾಲಿ ಮ್ಯಾಲ ಕುಂದರಸು" ಎಂದಷ್ಟೇ ಕಳಿಸಿದೆ.

ಮೊನ್ನೆ ಬೆಲ್ಲದ ಜೊತೆಗೆ ಹಗ್ಗವನ್ನೂ ಹಿಡಿದು ಮನೆಗೆ ಬಂದಾಗ ಶೈಲಾ ಹುಬ್ಬೇರಿಸಿದಳು. "ಎಲ್ಲಿ ಕಟ್ಟಾವ್ರು? ಫ್ಯಾನಿಗೆ?" ಕೊನೆಗೆ ಮಾಳಿಗೆಯ ಮೇಲೆ, ಬಟ್ಟೆ ಒಣಹಾಕುವ ತಗಡಿನ ಕೆಳಗಿನ ಕಬ್ಬಿಣದ ತೊಲೆಗೆ ಕಟ್ಟಿದೆವು. ಗಂಟನ್ನು ನಾನೇ ಹಾಕಿ, ಬಿಚ್ಚಿ, ಮತ್ತೆ ಹಾಕಿದೆ. ಮೊದಲು ಶೈಲಾ ಜೀಕಿದಳು, ಈ ವಯಸ್ಸಿನಲ್ಲೂ ತಗಡು ಮುಟ್ಟುವಷ್ಟು. ಆಮೇಲೆ ನನ್ನನ್ನು ಕೂರಿಸಿ ಒಂದು ಸಲ ನೂಕಿದಳು.

"ಈ ತೊಲಿ ತಡೀತೈತೇನು? ಮಳಿ ನೀರಿಗೆ ತುಕ್ಕು ಹಿಡದಿದ್ರ? ಕೆಳಗಿನ ಮನಿಯವ್ರು ಸಪ್ಪಳ ಕೇಳಿ..."

"ಸುಮ್ನ ಕುಂದರ್ರಿ" ಎಂದಳು ಶೈಲಾ. "ನೀವು ಜೀಕಲಿಲ್ಲಂದ್ರ ತಾನ ನಿಲ್ತೈತಿ."

ಸುಮ್ಮನೆ ಕುಳಿತೆ. ಹೋಗಿ ಬಂದು, ಹೋಗಿ ಬಂದು, ಪ್ರತಿ ಸಲವೂ ತುಸು ಕಡಿಮೆಯಾಗುತ್ತ ಜೋಕಾಲಿ ನಿಂತಿತು. ನಿಂತ ಮೇಲೆ ತಲೆಯೆತ್ತಿ ಗಂಟನ್ನು ಒಂದೇ ಒಂದು ಸಲ ನೋಡಿಕೊಂಡೆ.